ಬಾಗಿಲುಂಟು, ಮನೆಯಿಲ್ಲ

ಲಂಡನ್ನಿಗೆ ಹೊರಡುವಾಗ ನಾನು ಹಾಕಿದ ಷರತ್ತು ಒಂದೇ. ಬಿಗ್ ಬೆನ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ. ನಮ್ಮ ಬೀದಿಯ ಅರ್ಧ ಜನ ಅದನ್ನು ಸ್ಟೇಟಸ್ಸಿಗೆ ಹಾಕಿ ಆಗಿದೆ. ಯಾರೂ ನೋಡದ ಲಂಡನ್ ತೋರಿಸ್ತೀನಿ ಬಾ ಅಂತ ಹೆಂಡತಿಗೆ ಹೇಳಿದೆ. "ಎಲ್ಲರೂ ನೋಡಿದ್ದನ್ನೇ ನಾನಿನ್ನೂ ನೋಡಿಲ್ವಲ್ಲ ರೀ" ಅಂದಳು. ನ್ಯಾಯವಾದ ಮಾತು. ನಾನು ಕೇಳಿಸಿಕೊಳ್ಳಲಿಲ್ಲ.

ಮೊದಲು ಹೋದದ್ದು ಬೇಸ್‌ವಾಟರ್‌ನ ಲೆನ್‌ಸ್ಟರ್ ಗಾರ್ಡನ್ಸ್‌ಗೆ. ಬೀದಿಯುದ್ದಕ್ಕೂ ಕಂಬ, ಬಾಲ್ಕನಿಗಳ ಬಿಳಿ ಮನೆಗಳು. ಅವುಗಳಲ್ಲಿ 23 ಮತ್ತು 24ನೇ ನಂಬರಿನವು ಮನೆಗಳೇ ಅಲ್ಲ. ಬರೀ ಮುಂದಿನ ಗೋಡೆ. 1860ರ ದಶಕದಲ್ಲಿ ನೆಲದಡಿ ರೈಲಿಗೆ ದಾರಿ ಮಾಡುವಾಗ ಇಲ್ಲಿದ್ದ ಎರಡು ಮನೆ ಕೆಡವಿದರು. ಆಗೆಲ್ಲ ಹಬೆ ಎಂಜಿನ್. ಸುರಂಗದೊಳಗೇ ಹೊಗೆ ಬಿಟ್ಟರೆ ಕೂತವರ ಗತಿ? ಅಲ್ಲಲ್ಲಿ ಮೇಲೆ ಬಯಲು ಬೇಕಿತ್ತು. ಆದರೆ ಶ್ರೀಮಂತರ ಬೀದಿ, ನಡುವೆ ಹಲ್ಲು ಬಿದ್ದ ಹಾಗೆ ಕಾಣಬಾರದಲ್ಲ. ಅಕ್ಕಪಕ್ಕದ ಮನೆಗಳ ಹಾಗೇ ಐದಡಿ ದಪ್ಪದ ಗೋಡೆ ಎಬ್ಬಿಸಿ, ಬಾಗಿಲು ಕೂರಿಸಿ, ಕಿಟಕಿ ಇರಬೇಕಾದಲ್ಲಿ ಬೂದು ಬಣ್ಣ ಬಳಿದರು. ನಮ್ಮೂರ ನಾಟಕದ ಪರದೆಯ ಅರಮನೆ, ಗಾರೆಯಲ್ಲಿ.

ಇದೆಲ್ಲ ಹೆಂಡತಿಗೆ ಮೊದಲೇ ಹೇಳಿರಲಿಲ್ಲ. ಸರ್‌ಪ್ರೈಸ್! ಬಾಗಿಲ ಹತ್ತಿರ ನಿಂತು ಅವಳ ಕಡೆ ತಿರುಗಿ, "ನೋಡು, ಎಷ್ಟು ಬಡಿದರೂ ಇದು ತೆಗೆಯೋಲ್ಲ. 150 ವರ್ಷದಿಂದ ಯಾರೂ ತೆಗೆದಿಲ್ಲ" ಅಂತ ಕೊಡೆಯ ಹಿಡಿಯಿಂದ ಮೂರು ಸಲ ಬಡಿದೆ.

ಬಾಗಿಲು ತೆಗೆಯಿತು.

ಟೈ ಕಟ್ಟಿದ ಹುಡುಗನೊಬ್ಬ ನಿಂತಿದ್ದ. ನನ್ನ ಬೆನ್ನಿನ ಬ್ಯಾಗ್ ನೋಡಿ, ರೂಮು ಎರಡು ಗಂಟೆಯ ಮೇಲೆ ಸಿಗುತ್ತದೆ ಅಂದ. ಅಕ್ಕಪಕ್ಕ ಇರುವುದೆಲ್ಲ ಹೋಟೆಲುಗಳು. ಭಾಷಣದ ಭರದಲ್ಲಿ ನಾನು ಒಂದು ಬಾಗಿಲು ಆಚೆ ನಿಂತಿದ್ದೆ. "ಸಾರಿ, ನಾನು ಪಕ್ಕದ ಮನೆಗೆ ಬಂದದ್ದು" ಅಂದೆ. ಅವನು ಪಕ್ಕದ ಮನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅಲ್ಲಿ ಯಾರೂ ಇರೋದಿಲ್ಲ ಸರ್ ಅಂದ, ಜ್ವರ ಬಂದವರ ಹತ್ತಿರ ಮಾತಾಡುವ ದನಿಯಲ್ಲಿ.

"ರೂಮಿಗೆ ಎಷ್ಟಂತೆ, ಕೇಳಬೇಕಿತ್ತು. ಕಾಲಾದರೂ ಚಾಚಬಹುದಿತ್ತು" ಅಂದಳು ಹೆಂಡತಿ.

ಹಿಂದಿನ ಪೋರ್ಚೆಸ್ಟರ್ ಟೆರೇಸ್ ಬೀದಿಯಿಂದ ಆ ಸುಳ್ಳು ಮನೆಯ ಬೆನ್ನು, ಕೆಳಗಿನ ಹಳಿ ಎರಡೂ ಕಾಣುತ್ತವೆ. ಎತ್ತರದವರಿಗೆ. ನಾನು ಗೋಡೆಯ ಮೇಲಿಂದ ಹಾರಿ ಹಾರಿ ನೋಡಿದೆ. ಒಂದು ಸಲ ಇಟ್ಟಿಗೆ ಕಂಡಿತು. ಇನ್ನೊಂದು ಸಲ ತೊಲೆ. ಮೂರನೇ ಸಲ ಮೊಣಕಾಲು ಕಳಕ್ ಅಂದಿತು. ಹೆಂಡತಿ ಸುಮ್ನೆ ಕೈ ಮೇಲೆತ್ತಿ ಫೋನಿನಲ್ಲಿ ವಿಡಿಯೋ ಮಾಡಿದಳು. ಅದರಲ್ಲಿ ರೈಲೂ ಬಂದಿದೆ.

ಮಧ್ಯಾಹ್ನ ಸರ್ ಜಾನ್ ಸೋನ್ ಮ್ಯೂಸಿಯಂ. ಬ್ಯಾಂಕ್ ಆಫ್ ಇಂಗ್ಲೆಂಡ್ ಕಟ್ಟಡಕ್ಕೆ ನಕ್ಷೆ ಹಾಕಿದವನ ಸ್ವಂತ ಮನೆ. ಟಿಕೆಟ್ ಇಲ್ಲ. ಒಂದು ಕೋಣೆಯ ಗೋಡೆಗಳು ಬೀರುವಿನ ಬಾಗಿಲ ಹಾಗೆ ತೆರೆಯುತ್ತವೆ, ಹಿಂದೆ ಇನ್ನಷ್ಟು ಚಿತ್ರಗಳು. ನೆಲಮಾಳಿಗೆಯಲ್ಲಿ ಈಜಿಪ್ಟಿನ ದೊರೆ ಮೊದಲನೇ ಸೇತಿಯ ಕಲ್ಲಿನ ಶವಪೆಟ್ಟಿಗೆ. ಬೆಲೆ ಜಾಸ್ತಿ ಅಂತ ಬ್ರಿಟಿಷ್ ಮ್ಯೂಸಿಯಂ ಬಿಟ್ಟದ್ದನ್ನು ಇವನು 1824ರಲ್ಲಿ 2,000 ಪೌಂಡ್ ಕೊಟ್ಟು ಕೊಂಡ. ಕೈಚೀಲವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಿಡಿದುಕೊಳ್ಳಿ ಅಂದರು. ಹೆಂಡತಿಯ ಚೀಲದ ಜಿಪ್ಪು ಕೆಟ್ಟಿತ್ತು. ಅಷ್ಟೆಲ್ಲ ಅಮೂಲ್ಯ ವಸ್ತುಗಳ ನಡುವೆ ನಮ್ಮ ಚಕ್ಕುಲಿಯೂ ಒಂದು ಗಂಟೆ ಪ್ರದರ್ಶನಕ್ಕಿತ್ತು.

ಕೊನೆಗೆ ಥೇಮ್ಸ್ ದಂಡೆಯ ಬಸವಣ್ಣ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರ ಪ್ರಯತ್ನದಿಂದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಿಂತ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. "ಇಲ್ಲಿಗೆ ಟೂರಿಸ್ಟುಗಳು ಬರೋದೇ ಇಲ್ಲ. ನಾವಿಬ್ಬರೇ" ಅಂದೆ.

ಹೋದರೆ ಅಲ್ಲಿ ಕ್ಯೂ. ದಾವಣಗೆರೆಯ ಎರಡು ಕುಟುಂಬ, ಮಕ್ಕಳುಮರಿ ಸಮೇತ. "ಕನ್ನಡದೋರಾ? ಒಂದ್ ಫೋಟೋ ಹೊಡೀರಿ ಹಂಗಾದ್ರೆ" ಅಂತ ಒಬ್ಬರು ನನ್ನ ಕೈಗೆ ಫೋನ್ ಕೊಟ್ಟರು. ಹಣೆ ತುಂಬ ವಿಭೂತಿ ಹಚ್ಚಿದ್ದ ಅಜ್ಜಿ ಹೆಂಡತಿಯನ್ನು ಮಾತಾಡಿಸಿದರು.

"ಬಿಗ್ ಬೆನ್ ನೋಡ್ಕಂಡ್ ಬಂದ್ರೇನವ್ವಾ?"

"ಇಲ್ಲಮ್ಮ. ಒಳಗೆ ಮನೆಯೇ ಇಲ್ಲದ ಬಾಗಿಲು ನೋಡಿದ್ವಿ."

ಅಜ್ಜಿ ನನ್ನ ಕಡೆ ತಿರುಗಿದರು. ಬೆಳಿಗ್ಗೆ ಆ ಹುಡುಗ ನೋಡಿದ ಹಾಗೇ ನೋಡಿದರು. ಆಮೇಲೆ ಹೆಂಡತಿಯ ಕೈ ಹಿಡಿದು "ನಮ್ ಜತೆ ಬಾ" ಅಂತ ಹೊರಟೇಬಿಟ್ಟರು. ಫೋನು ಹಿಡಿಯಲು ಒಬ್ಬರು ಬೇಕಂತೆ, ನಾನೂ ಹೋದೆ.

ಬಿಗ್ ಬೆನ್ ಮುಂದೆ ಹದಿಮೂರು ಫೋಟೋ ತೆಗೆದಿದ್ದೇನೆ. ಷರತ್ತಿನ ಪ್ರಕಾರ ಒಂದರಲ್ಲೂ ನಾನಿಲ್ಲ.