ಅಮ್ಮನ ಬೀಡಿ ಲೆಕ್ಕ, ಮಾರ್ಕ್ಸ್‌ನ ದಪ್ಪ ಪುಸ್ತಕ

ಮಾರ್ಕ್ಸ್‌ನ ‘ಕ್ಯಾಪಿಟಲ್’ ಅನ್ನು ನಾನು ಮೂರು ಸಲ ಶುರು ಮಾಡಿ, ಮೂರು ಸಲವೂ ಲಿನನ್ ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಮೊದಲ ಅಧ್ಯಾಯದಲ್ಲಿ 20 ಗಜ ಲಿನನ್ ಒಂದು ಕೋಟಿಗೆ ಸಮ ಅಂತ ಬರುತ್ತದೆ. ಕೋಟಿ ಅಂದರೆ ರೂಪಾಯಿ ಅಲ್ಲ, ತೊಡುವ ಕೋಟು! ಅಲ್ಲಿಂದ ಪುಟಗಟ್ಟಲೆ ಅದೇ ಬಟ್ಟೆ, ಅದೇ ಕೋಟು. ನನ್ನ ತಲೆಗೆ ಇದು ಹತ್ತುವುದಲ್ಲ ಅಂತ ಪುಸ್ತಕ ಮುಚ್ಚಿಟ್ಟಿದ್ದೆ.

ಆಮೇಲೆ ಗೊತ್ತಾಯಿತು, ಮಾರ್ಕ್ಸ್‌ಗೇ ಇದು ಗೊತ್ತಿತ್ತು. ಪುಸ್ತಕ ಬಂದದ್ದು 1867ರ ಸೆಪ್ಟೆಂಬರಿನಲ್ಲಿ. ನವೆಂಬರ್ ಕೊನೆಗೆ ಗೆಳೆಯ ಕುಗೆಲ್‌ಮನ್‌ಗೆ ಕಾಗದ ಬರೆದು, ನಿನ್ನ ಹೆಂಡತಿಗೆ ಹೇಳು, ಕೆಲಸದ ದಿನ, ಯಂತ್ರಗಳು, ಬಂಡವಾಳ ಮೊದಲು ಹೇಗೆ ಕೂಡಿತು ಅನ್ನುವ ಭಾಗಗಳು ಓದಲು ಸುಲಭ ಅಂದಿದ್ದ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಹಾಗೆ ಕೆಲಸದ ದಿನದ ಅಧ್ಯಾಯ ತೆರೆದೆ. 1863ರ ಜೂನ್, ಲಂಡನ್ನಿನ ಒಂದು ಹೊಲಿಗೆ ಮನೆ. ರಾಜಮನೆತನದ ನೃತ್ಯಕೂಟಕ್ಕೆ ಬಟ್ಟೆ ಹೊಲಿಯುತ್ತಾ 26 ಗಂಟೆಗೂ ಜಾಸ್ತಿ ಬಿಡುವಿಲ್ಲದೆ ದುಡಿದ ಮೇರಿ ಆನ್ ವಾಕ್ಲಿ ಅನ್ನುವ 20 ವರ್ಷದ ಹುಡುಗಿ ಸತ್ತುಹೋದಳು. ಮಾರ್ಕ್ಸ್ ಇಲ್ಲಿ ಭಾಷಣ ಬಿಗಿಯುವುದಿಲ್ಲ. ಪತ್ರಿಕೆ ವರದಿ, ಡಾಕ್ಟರ ಮಾತು, ಸರ್ಕಾರದ ಇನ್‌ಸ್ಪೆಕ್ಟರುಗಳ ದಾಖಲೆ, ಇವನ್ನು ಒಂದರ ಪಕ್ಕ ಒಂದು ಇಡುತ್ತಾನೆ. ಓದುವವರಿಗೇ ಸಿಟ್ಟು ಬರುತ್ತದೆ.

ಆದರೆ ನನ್ನನ್ನು ನಿಜಕ್ಕೂ ಹಿಡಿದು ಕೂರಿಸಿದ್ದು ಪೀಸ್ ಲೆಕ್ಕದ ಕೂಲಿಯ ಮೇಲಿನ ಸಣ್ಣ ಅಧ್ಯಾಯ. ನಮ್ಮದು ದಕ್ಷಿಣ ಕನ್ನಡ. ಅಮ್ಮ ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಎಲೆ, ಹೊಗೆಸೊಪ್ಪು ಬೀಡಿ ಕಂಪನಿಯ ಬ್ರಾಂಚಿನಿಂದ ಬರುತ್ತಿತ್ತು. ಎಲೆ ಹರಕಾಗಿದ್ದು ಕಮ್ಮಿ ಬಿದ್ದರೆ ನಾವೇ ದುಡ್ಡು ಕೊಟ್ಟು ತರಬೇಕು. ಕಟ್ಟಿದ್ದು ಸರಿಯಿಲ್ಲ ಅಂತ ಬದಿಗೆ ಹಾಕಿದ ಬೀಡಿಗೆ ಕಾಸಿಲ್ಲ. ಅಮ್ಮ ರಾತ್ರಿ ಹನ್ನೊಂದರವರೆಗೂ ಕೂರುತ್ತಿದ್ದರು. ಯಾರೂ ಬೆನ್ನ ಹಿಂದೆ ನಿಂತು ‘ಬೇಗ ಬೇಗ’ ಅಂದದ್ದಿಲ್ಲ.

ಮಾರ್ಕ್ಸ್ ಹೇಳುವುದೂ ಅದನ್ನೇ. ಪೀಸ್ ಲೆಕ್ಕದಲ್ಲಿ ಮೇಸ್ತ್ರಿ ಹೆಚ್ಚುಕಮ್ಮಿ ಬೇಕಾಗುವುದೇ ಇಲ್ಲ, ಕೂಲಿಯ ಲೆಕ್ಕವೇ ಮೇಸ್ತ್ರಿಯ ಕೆಲಸ ಮಾಡುತ್ತದೆ. ಜಾಸ್ತಿ ಹೊತ್ತು ದುಡಿಯುವುದು ದುಡಿಯುವವರ ಸ್ವಂತ ಆಸೆಯಂತೆ ಕಾಣುತ್ತದೆ. ಗುಣಮಟ್ಟದ ನೆಪದಲ್ಲಿ ಕೂಲಿ ಕಡಿಯುವುದು ಸುಲಭ. ನಡುವೆ ಕಂಟ್ರಾಕ್ಟರ್ ಹುಟ್ಟಿಕೊಳ್ಳುತ್ತಾನೆ. ಈ ಮಾರ್ಕ್ಸ್ ಏನು ನಮ್ಮ ಜಗಲಿಗೆ ಬಂದು ಹೋದನಾ ಅನ್ನಿಸಿತು. ಈಗ ಆರ್ಡರಿಗೆ ಇಷ್ಟು ಅಂತ ಬೈಕ್ ಓಡಿಸುವ ಡೆಲಿವರಿ ಹುಡುಗರನ್ನು ನೋಡಿದಾಗಲೂ ಅದೇ ಅಧ್ಯಾಯ ನೆನಪಾಗುತ್ತದೆ.

ಅಮ್ಮನಿಗೆ ಓದಿ ಹೇಳಿದೆ. “ಅವನಿಗೆ ಬೀಡಿ ಕಟ್ಟಿ ಗೊತ್ತುಂಟಾ?” ಅಂತ ಕೇಳಿದರು. ಕಟ್ಟಿ ಗೊತ್ತಿಲ್ಲ ಅಮ್ಮಾ, ಸಿಗಾರ್ ಸೇದಿ ಮಾತ್ರ ಚೆನ್ನಾಗಿ ಗೊತ್ತಿತ್ತು ಅಂದೆ. ಈ ಪುಸ್ತಕದ ದುಡ್ಡು ಇದನ್ನು ಬರೆಯುವಾಗ ಸೇದಿದ ಸಿಗಾರಿಗೂ ಸಾಲದು ಅಂತ ಅವನೇ ಹೇಳಿದ್ದನಂತೆ, ಅಳಿಯ ಲಫಾರ್ಗ್ ಬರೆದಿದ್ದಾನೆ.

ಹೊಸಬರು ಎಡವುವ ಜಾಗ ಒಂದಿದೆ. ಮಾರ್ಕ್ಸ್ ಅಂದರೆ ‘ಶ್ರೀಮಂತರು ಕಳ್ಳರು’ ಅಂತ ಬೈಯುವುದು ಅಂದುಕೊಂಡಿರುತ್ತೇವೆ. ಅವನ ಪ್ರಶ್ನೆಯೇ ಬೇರೆ. ಯಾರೂ ಕಳ್ಳತೂಕ ಹಾಕದೆ, ಎಲ್ಲಕ್ಕೂ ಸರಿಯಾದ ಬೆಲೆ ಕೊಟ್ಟು ಕೊಂಡರೂ ಲಾಭ ಎಲ್ಲಿಂದ ಬರುತ್ತದೆ? ಅವನ ಉತ್ತರ: ಮಾಲೀಕ ಕೊಳ್ಳುವುದು ದುಡಿಮೆಯನ್ನಲ್ಲ, ದುಡಿಯುವ ಶಕ್ತಿಯನ್ನು. ಆ ಶಕ್ತಿ ನಾಳೆಗೂ ಉಳಿಯಲು ಬೇಕಾದ ಅನ್ನ, ಬಾಡಿಗೆ, ಮಕ್ಕಳ ಖರ್ಚು ನಾಲ್ಕು ಗಂಟೆಯಲ್ಲಿ ಹುಟ್ಟುತ್ತದೆ ಅಂತ ಇಟ್ಟುಕೊಳ್ಳಿ. ಕೆಲಸ ಮಾತ್ರ ಎಂಟು ಗಂಟೆ. ಉಳಿದ ನಾಲ್ಕು ಯಾರದ್ದು? ‘ಕೂಲಿ ದುಡಿಮೆ ಮತ್ತು ಬಂಡವಾಳ’ ಅನ್ನುವ ತೆಳ್ಳಗಿನ ಪುಸ್ತಕದಲ್ಲಿ ಇದು ಸಲೀಸಾಗಿದೆ. 1847ರಲ್ಲಿ ಬ್ರಸೆಲ್ಸ್‌ನ ಜರ್ಮನ್ ಕೆಲಸಗಾರರಿಗೆ ಕೊಟ್ಟ ಉಪನ್ಯಾಸಗಳು ಅವು. ‘ದುಡಿಮೆ’ ಇದ್ದಲ್ಲಿ ‘ದುಡಿಯುವ ಶಕ್ತಿ’ ಅಂತ 1891ರಲ್ಲಿ ತಿದ್ದಿದ್ದು ಮಾರ್ಕ್ಸ್‌ನ ಜೊತೆಗಾರ ಎಂಗೆಲ್ಸ್. ನಾನಾದರೆ ಇದನ್ನೇ ಮೊದಲು ಕೊಡುತ್ತೇನೆ. 1848ರ ‘ಕಮ್ಯುನಿಸ್ಟ್ ಪ್ರಣಾಳಿಕೆ’ ಓದಲು ಜೋರಾಗಿದೆ, ಆದರೆ ಘೋಷಣೆ ಬಾಯಿಗೆ ಬರುತ್ತದೆ, ಲೆಕ್ಕ ಬರುವುದಿಲ್ಲ.

ಎಲ್ಲವನ್ನೂ ನುಂಗಬೇಕು ಅಂತೇನಿಲ್ಲ. ಭಾರತದ ಹಳ್ಳಿಗಳ ಬಗ್ಗೆ ಬರೆಯುವಾಗ ಅವನು ಅಡಿಟಿಪ್ಪಣಿಯಲ್ಲಿ ಹೆಸರಿಸುವವರಲ್ಲಿ ಒಬ್ಬ ಮಾರ್ಕ್ ವಿಲ್ಕ್ಸ್, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಆಗಿದ್ದವನು! ಅಂಥವರನ್ನು ನಂಬಿಯೇ ನಮ್ಮ ಹಳ್ಳಿಗಳು ಬದಲಾಗದೆ ನಿಂತಿದ್ದವು ಅಂದುಬಿಟ್ಟ. ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ಜಾತಿಯ ವಿಷಯಕ್ಕೆ ಅಂಬೇಡ್ಕರ್ ಪಕ್ಕದಲ್ಲಿರಲೇಬೇಕು. ಜಾತಿ ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರದ್ದೇ ವಿಭಜನೆ ಅಂತ 1936ರಲ್ಲೇ ಅವರು ಬರೆದರು. ನಮ್ಮೂರಿನಲ್ಲಿ ಮೇರಿ ಆನ್ ಯಾವ ಜಾತಿಯವಳು ಅಂತ ಕೇಳದೆ ಅವಳ ಕಥೆ ಪೂರ್ತಿಯಾಗುವುದಿಲ್ಲ, ಅಲ್ವಾ?

ಹೋದ ತಿಂಗಳು ಲಿನನ್ ಅಧ್ಯಾಯಕ್ಕೆ ನಾಲ್ಕನೇ ಸಲ ಹೋದೆ. ಕೋಟು ಇದ್ದಲ್ಲೆಲ್ಲ ಬೀಡಿ ಕಟ್ಟು ಅಂತ ಓದಿಕೊಂಡೆ. ಅರ್ಧ ಅರ್ಥವಾಯಿತು.