ಪರಂಪರೆಗೆ ತಳಮಹಡಿಯಲ್ಲಿ ವ್ಯವಸ್ಥೆ ಮಾಡಲಾಗಿದೆ

ಮಂಗಳೂರಿನ ಹೊರವಲಯದಲ್ಲಿರುವ ನಮ್ಮ ಬಡಾವಣೆಯ ಇತಿಹಾಸ ಸಂಘವು ತನ್ನ ವಸ್ತುಸಂಗ್ರಹಾಲಯವನ್ನು ಒಂದು ವಸತಿ ಸಮುಚ್ಚಯದ ತಳಮಹಡಿಯಲ್ಲಿ, ಕಾರುಗಳನ್ನು ನಿಲ್ಲಿಸಿ ಮಿಕ್ಕ ಮೂಲೆಯಲ್ಲಿ ಸ್ಥಾಪಿಸಿದೆ. ಆ ಸಮುಚ್ಚಯ ಎದ್ದಿರುವುದು ಊರಿನ ಹಳೆಯ ಗುತ್ತಿನ ಮನೆಯನ್ನು, ಅಂದರೆ ಊರ ಧನಿಗಳ ಮನೆತನದ ಮನೆಯನ್ನು, ಕೆಡವಿದ ನಿವೇಶನದಲ್ಲಿ. ಗುತ್ತಿನ ಹೆಸರನ್ನೇ ಸಮುಚ್ಚಯಕ್ಕೂ ಇಟ್ಟು, ಅದರ ಬಾಲಕ್ಕೆ ‘ಹೆರಿಟೇಜ್’ ಎಂದು ಸೇರಿಸಿರುವುದರಿಂದ ಮನೆಗೆ ಯಾವ ಲೋಪವೂ ಆಗಿಲ್ಲವೆಂಬುದು ಸಂಘದ ನಿಲುವು. ಸಂಘದ ಅಧ್ಯಕ್ಷರೂ ಸಮುಚ್ಚಯವನ್ನು ಕಟ್ಟಿಸಿದವರೂ ಒಬ್ಬರೇ. ಆದಕಾರಣ ಬೇರೆ ಊರುಗಳಲ್ಲಿ ಕೆಡಹುವವರಿಗೂ ಉಳಿಸುವವರಿಗೂ ನಡೆಯುವ ಕೋರ್ಟು, ತಡೆಯಾಜ್ಞೆ, ಧರಣಿ ಮೊದಲಾದ ರಗಳೆಗಳು ನಮ್ಮಲ್ಲಿಲ್ಲ. ವಾರದಲ್ಲಿ ಆರು ದಿನ ಕೆಡವಿ ಭಾನುವಾರ ಉಳಿಸುವ ಏರ್ಪಾಟು ಸುಸೂತ್ರವಾಗಿ ನಡೆದುಕೊಂಡು ಬಂದಿದೆ.

ಮಂಗಳೂರಿಗೆ ವಸ್ತುಸಂಗ್ರಹಾಲಯ ಹೊಸತೇನಲ್ಲ. ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಮ್ 1913ರಷ್ಟು ಹಳೆಯದು. ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಂತೂ ಕರ್ನಲ್ ಮಿರಜಕರ್ ಎಂಬವರು ಹಡಗಿನ ಆಕಾರದ ತಮ್ಮ ಮನೆಯನ್ನು ತಾಯಿಯ ನೆನಪಿಗಾಗಿ ಇಡಿಯಾಗಿ ದಾನ ಕೊಟ್ಟದ್ದರಿಂದ ಆದದ್ದು. 1960ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಇಡೀ ಮನೆಯನ್ನು ಹೀಗೆ ಬಿಟ್ಟುಕೊಡುವುದು ನಿವೇಶನದ ಶುದ್ಧ ದುರ್ಬಳಕೆ ಎಂದು ನಮ್ಮ ಅಧ್ಯಕ್ಷರು ಉದ್ಘಾಟನಾ ಭಾಷಣದಲ್ಲಿ ವಿಷಾದಿಸಿದರು. ಮನೆಯನ್ನು ತೆಗೆದು ಅದರ ಸಾಮಾನುಗಳನ್ನಷ್ಟೇ ಇಟ್ಟುಕೊಂಡರೆ, ಎರಡು ಕಾರು ನಿಲ್ಲುವ ಜಾಗದಲ್ಲಿ ಮುನ್ನೂರು ವರ್ಷಗಳ ಇತಿಹಾಸ ಆರಾಮವಾಗಿ ಹಿಡಿಸುತ್ತದೆಂದು ಅವರು ಲೆಕ್ಕ ಕೊಟ್ಟಾಗ ಸಭೆ ಚಪ್ಪಾಳೆ ತಟ್ಟಿತು.

ಒಳಗೆ ಕಾಲಿಟ್ಟೊಡನೆ ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ವೆಲ್ವೆಟ್ಟಿನ ಮೇಲೆ, ಒಂದು ಮಂಗಳೂರು ಹಂಚು ಪವಡಿಸಿದೆ. ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಜವಳಿ ಅಂಗಡಿಯವರು ಕೈಚೀಲದ ಮೇಲೆ ಸ್ಥಾಪನೆಯ ವರ್ಷವನ್ನು ಅಚ್ಚು ಹಾಕಿಸುವ ಹಾಗೆ, ಅವರು ಆ ಇಸವಿಯನ್ನು ಹಂಚಿನ ಮೇಲೆ ಒತ್ತುತ್ತಿದ್ದರು. ನಮ್ಮ ಫಲಕ ಮಾತ್ರ ‘1865ರಲ್ಲಿ ತಯಾರಾದ ಹಂಚು, ಮುಟ್ಟಬಾರದು’ ಎಂದು ಖಚಿತವಾಗಿ ಹೇಳುತ್ತದೆ. ಈ ಸುದ್ದಿ ಹಬ್ಬಿದ ಮೇಲೆ ಜನರು ಏಣಿ ಇಟ್ಟು ತಮ್ಮ ತಮ್ಮ ಮಾಡುಗಳನ್ನು ಪರೀಕ್ಷಿಸತೊಡಗಿದರು. ದನದ ಕೊಟ್ಟಿಗೆ, ಸೌದೆ ಕೊಟ್ಟಿಗೆ, ಬಚ್ಚಲು, ಕೊನೆಗೆ 1950ರ ದಶಕದಲ್ಲಿ ಕಟ್ಟಿದ ಶಾಲೆಯ ಮೂತ್ರಾಲಯವೂ 1865ರದೆಂದು ರುಜುವಾತಾಯಿತು. ಆ ಒಂದು ವರ್ಷ ಕಾರ್ಖಾನೆಯವರು ನಿದ್ದೆಗೆಟ್ಟು ಇಡೀ ಕರಾವಳಿಗೆ ಮುಂದಿನ ಶತಮಾನಕ್ಕಾಗುವಷ್ಟು ಹಂಚು ಸುಟ್ಟು, ಅನಂತರ ಕೈಕಟ್ಟಿ ಕುಳಿತಿರಬೇಕು. ನಿವೃತ್ತ ಮಾಸ್ತರರೊಬ್ಬರು ಇದು ಕಾರ್ಖಾನೆ ಶುರುವಾದ ಇಸವಿ ಎಂದು ಆಕ್ಷೇಪ ಎತ್ತಿದರು. ಕಾರ್ಯಕಾರಿ ಸಮಿತಿಯು ಅದನ್ನು ದೀರ್ಘವಾಗಿ ಚರ್ಚಿಸಿ, ಫಲಕಕ್ಕೆ ಈಗಾಗಲೇ ಲ್ಯಾಮಿನೇಶನ್ ಆಗಿರುವುದರಿಂದ ಹಂಚಿನ ವಯಸ್ಸನ್ನು ಇಳಿಸಲು ಸಾಧ್ಯವಿಲ್ಲವೆಂದು ನಿರ್ಣಯಿಸಿತು. ಗುತ್ತಿನ ಮಾಡಿನಲ್ಲಿದ್ದ ಇದರ ಸಹೋದರ ಹಂಚುಗಳು ಎಲ್ಲಿ ಹೋದವೆಂಬ ವಿಷಯ ಕಾರ್ಯಸೂಚಿಯಲ್ಲಿರಲಿಲ್ಲ. ಅವು ಹತ್ತಿರದ ಬೈಲು ಗದ್ದೆಯನ್ನು ಸಮತಟ್ಟು ಮಾಡುವ ಕೆಲಸಕ್ಕೆ ಲಾರಿಯಲ್ಲಿ ಹೋದದ್ದನ್ನು ಊರೇ ನೋಡಿದೆ.

ಇನ್ನು ನೊಗ, ನೇಗಿಲು, ಗೊರಬು, ಚೆನ್ನೆಮಣೆಗಳು ಎಲ್ಲೆಡೆ ಇರುವಂಥವೇ. ನಿಂತು ನೋಡಬೇಕಾದದ್ದು ಕಳಸೆಯನ್ನು. ‘ನಮ್ಮ ಪೂರ್ವಜರು ಭತ್ತ, ಅಕ್ಕಿ ಅಳೆಯುತ್ತಿದ್ದ ಸಾಧನ’ ಎಂದು ಅದರ ಕೆಳಗೆ ಬರೆದಿದೆ. ಯಾರ ಪೂರ್ವಜರು ಯಾರಿಗೆ ಅಳೆದು ಕೊಡುತ್ತಿದ್ದರೆಂದು ಬರೆದಿಲ್ಲ. ಉದ್ಘಾಟನೆಯ ದಿನ, ಗುತ್ತಿನ ಒಕ್ಕಲಾಗಿದ್ದ ಕುಟುಂಬದ ಹಿರಿಯ ಹೆಂಗಸೊಬ್ಬರು ಆ ಕಳಸೆಯ ಬಾಯಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ, “ಇದು ಕೊಡುವಾಗಿನ ಕಳಸೆಯಾ, ತೆಗೆದುಕೊಳ್ಳುವಾಗಿನದ್ದಾ?” ಎಂದು ಕೇಳಿದರು. ಅಲ್ಲಿ ನಿಂತಿದ್ದ ಸ್ವಯಂಸೇವಕ ಹುಡುಗ ವಿನಯದಿಂದ, “ಅಜ್ಜೀ, ಇದು ಹೆರಿಟೇಜ್ ಕಳಸೆ. ಮುಟ್ಟಬಾರದು” ಎಂದ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ, ಗೇಣಿ, ಡಿಕ್ಲರೇಷನ್, ಭೂನ್ಯಾಯಮಂಡಳಿ ಎಂಬ ಯಾವ ಮಾತೂ ಈ ಸಂಗ್ರಹಾಲಯದ ಗೋಡೆಯ ಮೇಲಿಲ್ಲ. ಧನಿಗಳ ಮಕ್ಕಳೂ ಒಕ್ಕಲುಗಳ ಮಕ್ಕಳೂ ಸಂಘಕ್ಕೆ ಸಮಾನವಾಗಿ ಚಂದಾ ಕೊಡುತ್ತಿರುವಾಗ ಇತಿಹಾಸವನ್ನು ಎಬ್ಬಿಸುವುದು ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಸರಿಯಲ್ಲ.

ಸಂಘವು ಜನರಿಂದ ದೂರ ಉಳಿದಿದೆಯೆಂದು ಯಾರೂ ದೂರುವಂತಿಲ್ಲ. ವರ್ಷವಿಡೀ ಸಮುದಾಯ ಕಾರ್ಯಕ್ರಮಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಆಟಿಯ ಕೂಟ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳು ತುಳುನಾಡಿನಲ್ಲಿ ಬಡತನದ ತಿಂಗಳು. ಕಣಜ ಬರಿದಾಗಿ, ಮಳೆ ಹಿಡಿದು, ಕೆಲಸವಿಲ್ಲದೆ ಜನರು ಬೇಲಿಬದಿಯ ತಜಂಕ್ ಸೊಪ್ಪು, ಕಣಿಲೆ, ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಗಳಿಂದ ದಿನ ತಳ್ಳುತ್ತಿದ್ದರು. ಈ ಹಸಿವನ್ನು ಹೊಸ ಪೀಳಿಗೆಗೆ ಪರಿಚಯಿಸುವ ಸಲುವಾಗಿ ಸಂಘವು ಹವಾನಿಯಂತ್ರಿತ ಸಭಾಂಗಣದಲ್ಲಿ ಬಫೆ ಏರ್ಪಡಿಸುತ್ತದೆ. ಪತ್ರೊಡೆಯಿಂದ ಹಿಡಿದು ಕೋರಿ ರೊಟ್ಟಿಯವರೆಗೆ ಮೇಜುಗಳು ಸಾಲಾಗಿ ನಿಲ್ಲುತ್ತವೆ. ಪೂರ್ವಜರು ಉಪವಾಸ ಬಿದ್ದದ್ದನ್ನು ಮುಖ್ಯ ಅತಿಥಿಗಳು ಐಸ್‌ಕ್ರೀಮಿನ ಹೊತ್ತಿಗೆ ಗದ್ಗದಿತರಾಗಿ ನೆನೆಯುತ್ತಾರೆ. ಊರಿನ ಮಾರಿಯನ್ನು ಕಳೆಯಲು ಮನೆಮನೆಗೆ ಬರುತ್ತಿದ್ದ ಆಟಿ ಕಳೆಂಜನೆಂಬ ವೇಷಧಾರಿ ಈಗ ಸಭಾಂಗಣಕ್ಕೇ ಬಂದು, ಸೆಲ್ಫಿ ತೆಗೆಸಿಕೊಳ್ಳುವವರ ಸಾಲು ಮುಗಿಯುವ ತನಕ ವೇದಿಕೆಯ ಪಕ್ಕ ನಿಲ್ಲಬೇಕು. ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲು ಕಬ್ಬಿಣ ಸೋಂಕಿಸದೆ ಕಲ್ಲಿನಿಂದ ಜಜ್ಜಿ ತೆಗೆಯಬೇಕಾದ ಹಾಲೆ ಮರದ ಕೆತ್ತೆಯ ಕಷಾಯವನ್ನು, ಸದಸ್ಯರ ಅನುಕೂಲಕ್ಕಾಗಿ ಹತ್ತಿರದ ಭಾನುವಾರಕ್ಕೆ ಮುಂದೂಡಿ, ಕಾಗದದ ಲೋಟದಲ್ಲಿ ಕೊಡಲಾಗುತ್ತದೆ. ಅದು ಕಹಿ ಎಂಬ ದೂರು ಬಂದದ್ದರಿಂದ ಈಗ ಬೆಲ್ಲ ಹಾಕುತ್ತಾರೆ.

ಅದಾದ ಮೇಲೆ ಬರುವುದು ಕೆಸರಿನಲ್ಲೊಂದು ದಿನ. ಇದಕ್ಕೆ ಗದ್ದೆ ಬೇಕು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕೊಡುತ್ತಿದ್ದ ನಮ್ಮ ಬೈಲು, ಕೆಂಪು ಮಣ್ಣು ತುಂಬಿಸಿಕೊಂಡು ಲೇಔಟ್ ಆಗಿ ವರ್ಷಗಳಾದವು. ಮೊದಲು ಗದ್ದೆಯಲ್ಲಿ ನಿಲ್ಲುತ್ತಿದ್ದ ನೀರು ಈಗ ರಸ್ತೆಯಲ್ಲಿ ನಿಲ್ಲುತ್ತದೆ. 2018ರ ಮೇ 29ರಂದು ಮಂಗಳೂರೇ ಮುಳುಗಿದಾಗ ನಮ್ಮಲ್ಲಿಯೂ ಮನೆಬಾಗಿಲಿನವರೆಗೆ ಕೆಸರು ಬಂದಿತ್ತು. ಆ ಕೆಸರಿನಲ್ಲೇ ಹಗ್ಗಜಗ್ಗಾಟ ಇಡಬಹುದಿತ್ತೆಂದು ಕೆಲವರು ಸಲಹೆ ಕೊಟ್ಟರೂ, ಅದಕ್ಕೆ ಪ್ರಾಯೋಜಕರು ಸಿಗಲಿಲ್ಲ. ಹಾಗಾಗಿ ಕಳೆದ ಬಾರಿ ತುಂಬಿಸಿದ ನಿವೇಶನವೊಂದನ್ನು ಜೆಸಿಬಿಯಿಂದ ಅಗೆದು, ಟ್ಯಾಂಕರಿನಲ್ಲಿ ನೀರು ತರಿಸಿ, ಕೆಸರು ತಯಾರಿಸಲಾಯಿತು. ಅಗೆಯುವಾಗ ಹಂಚಿನ ಚೂರುಗಳು ಬುಟ್ಟಿಗಟ್ಟಲೆ ಎದ್ದವು. ಅವುಗಳಲ್ಲಿ ಇಸವಿ ಕಾಣುವಂಥವನ್ನು ಸಂಗ್ರಹಾಲಯಕ್ಕೆ ‘ಉತ್ಖನನದಲ್ಲಿ ದೊರೆತದ್ದು’ ಎಂಬ ಫಲಕದೊಂದಿಗೆ ಸೇರಿಸಲಾಯಿತು.

ಇಷ್ಟು ಖರ್ಚು ಪ್ರತಿವರ್ಷ ಭರಿಸಲಾಗದೆಂದು ಖಜಾಂಚಿಗಳು ಎಚ್ಚರಿಸಿದ್ದರಿಂದ, ಬಡಾವಣೆಯಲ್ಲಿ ಉಳಿದಿರುವ ಒಂದೇ ಒಂದು ನಿಜವಾದ ಗದ್ದೆಯ ಕಡೆಗೆ ಈಗ ಸಂಘದ ದೃಷ್ಟಿ ಹೊರಳಿದೆ. ಅದನ್ನು ‘ಪಾರಂಪರಿಕ ಗದ್ದೆ’ ಎಂದು ಘೋಷಿಸಿ, ಮಾರಾಟ ಮಾಡದಂತೆ ಯಜಮಾನರ ಮನವೊಲಿಸಲು ಪದಾಧಿಕಾರಿಗಳ ನಿಯೋಗವೇ ಹೋಯಿತು. ಒಪ್ಪಂದದ ಕರಡಿನಲ್ಲಿ ಒಂದು ಷರತ್ತಿದೆ: ನೇಜಿ ನೆಟ್ಟರೆ ಓಟದ ಸ್ಪರ್ಧೆಗೆ ಅಡ್ಡಿಯಾಗುವುದರಿಂದ ಗದ್ದೆಯಲ್ಲಿ ಭತ್ತ ಬೆಳೆಯತಕ್ಕದ್ದಲ್ಲ. ಯಜಮಾನರು ಕರಡನ್ನು ಎರಡು ಸಲ ಓದಿಸಿ ಕೇಳಿ, “ಹಾಗಾದರೆ ನನಗೇನು ಕೆಲಸ ಮಾರಾಯ್ರೆ?” ಎಂದು ವಿಚಾರಿಸಿದರು. ಅತಿಥಿಗಳು ಬರುವಾಗ ನೊಗ ಹೊತ್ತು ದ್ವಾರದಲ್ಲಿ ನಿಂತರೆ ಸಾಕೆಂದೂ, ನೊಗವನ್ನೂ ತಲೆಗೆ ಮುಟ್ಟಾಳೆಯನ್ನೂ ಸಂಗ್ರಹಾಲಯದಿಂದಲೇ ಒದಗಿಸಲಾಗುವುದೆಂದೂ, ಕಾರ್ಯಕ್ರಮ ಮುಗಿದ ಕೂಡಲೇ ರಸೀದಿ ತೋರಿಸಿ ಅವನ್ನು ಹಿಂತಿರುಗಿಸಬೇಕೆಂದೂ ಕಾರ್ಯದರ್ಶಿಗಳು ವಿವರಿಸಿದರು.