ಹದಿನಾಲ್ಕು ಕ್ಲಿಪ್ಪು, ಹದಿನೈದು ಗಂಡಾಂತರ

ಬ್ರಿಟನ್ನಿಗೆ ಹೋಗಿ ನೆಲೆಸಿದವರಿಗೆ ಊರಿನ ಲೈಸೆನ್ಸು ಹನ್ನೆರಡು ತಿಂಗಳ ಮಟ್ಟಿಗೆ ನಡೆಯುತ್ತದೆ. ಹದಿಮೂರನೆಯ ತಿಂಗಳು ಬಿತ್ತೆಂದರೆ ಹತ್ತು ವರ್ಷ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿದ ವೀರನೂ ಕಾರಿಗೆ ಕೆಂಪು ‘ಎಲ್’ ಅಂಟಿಸಿಕೊಳ್ಳಬೇಕು. ಪಕ್ಕದ ಸೀಟಿನಲ್ಲಿ ಲೈಸೆನ್ಸು ಬಂದು ಮೂರು ವರ್ಷವಾದ ಇಪ್ಪತ್ತೆರಡರ ಪೋರನನ್ನು ಕೂರಿಸಿಕೊಂಡರೂ ಕಾನೂನಿಗೆ ಸಮಾಧಾನ; ಅವನ ಹುಟ್ಟಿಗೆ ಮೊದಲೇ ನೀವು ಸ್ಟಿಯರಿಂಗ್ ಹಿಡಿದಿದ್ದಿರೆಂಬುದು ಲೆಕ್ಕಕ್ಕಿಲ್ಲ. ನಮ್ಮ ಲೈಸೆನ್ಸು ಕೊಟ್ಟು ಅವರದ್ದನ್ನು ಬದಲಿಗೆ ಪಡೆಯುವ ದಾರಿಯಿಲ್ಲ. ಥಿಯರಿ ಟೆಸ್ಟಿನಿಂದಲೇ ಶ್ರೀಕಾರ.

ಥಿಯರಿಯ ಮೊದಲ ಭಾಗ 57 ನಿಮಿಷ, 50 ಪ್ರಶ್ನೆ, 43 ಸರಿಯಿದ್ದರೆ ಪಾಸು. ಬಾಯಿಪಾಠ ಮಾಡಿಯೇ ಬೆಳೆದ ಜನಕ್ಕೆ ಅದೇನು ಮಹಾ. ಅದು ಮುಗಿದ ಮೇಲೆ ಬೇಕಿದ್ದರೆ ಮೂರು ನಿಮಿಷ ಸುಧಾರಿಸಿಕೊಳ್ಳಬಹುದು. ಸುಧಾರಿಸಿಕೊಳ್ಳಿ. ಮುಂದಿರುವುದು ಹಜಾರ್ಡ್ ಪರ್ಸೆಪ್ಷನ್, ಅಂದರೆ ಗಂಡಾಂತರ ಗುರುತಿಸುವ ಪರೀಕ್ಷೆ.

2002ರ ನವೆಂಬರ್‌ನಲ್ಲಿ ಶುರುವಾದ ಈ ಪರೀಕ್ಷೆಯಲ್ಲಿ ಸ್ಟಿಯರಿಂಗಿಲ್ಲ, ಬ್ರೇಕಿಲ್ಲ. ಕೈಯಲ್ಲಿ ಒಂದು ಮೌಸು, ಎದುರಿಗೆ ಸುಮಾರು ಒಂದೊಂದು ನಿಮಿಷದ 14 ವಿಡಿಯೊ ಕ್ಲಿಪ್ಪು. ಡ್ರೈವರ್ ಸೀಟಿನಿಂದ ಕಂಡಂತೆ ರಸ್ತೆ ಓಡುತ್ತಿರುತ್ತದೆ. ನೀವು ವೇಗವನ್ನೋ ದಿಕ್ಕನ್ನೋ ಬದಲಿಸಲೇಬೇಕಾದ ಗಂಡಾಂತರವೊಂದು ಹುಟ್ಟುತ್ತಿದ್ದಂತೆ ಕ್ಲಿಕ್ ಮಾಡಬೇಕು. ಎಡಗುಂಡಿ, ಬಲಗುಂಡಿ, ಯಾವುದನ್ನು ಒತ್ತಿದರೂ ಸರಿ. ಪ್ರತಿ ಕ್ಲಿಕ್ಕಿಗೂ ಪರದೆಯ ಕೆಳಗೆ ಒಂದು ಕೆಂಪು ಬಾವುಟ ಏಳುತ್ತದೆ. ಅದು ಶಹಬ್ಬಾಸೂ ಅಲ್ಲ, ಛೀಮಾರಿಯೂ ಅಲ್ಲ. ಕ್ಲಿಕ್ ಬಂತು ಅನ್ನುವುದಕ್ಕೆ ರಸೀತಿ, ಅಷ್ಟೆ. ಕ್ಲಿಪ್ಪು ಹದಿನಾಲ್ಕಾದರೂ ಗಂಡಾಂತರ ಹದಿನೈದು, ಏಕೆಂದರೆ ಯಾವುದೋ ಒಂದರಲ್ಲಿ ಎರಡಿರುತ್ತದೆ. ಯಾವುದರಲ್ಲಿ ಎಂದು ಹೇಳುವುದಿಲ್ಲ. ‘ಸಿಕ್ಕಿತಪ್ಪಾ’ ಎಂದು ಕುರ್ಚಿಗೆ ಒರಗಿದಿರೋ, ಎರಡನೆಯದು ಮೂಗಿನ ಮುಂದೆಯೇ ದಾಟಿ ಹೋಗಿರುತ್ತದೆ.

ಅಂಕ ಕೊಡುವ ಬಗೆಯಲ್ಲೇ ಎಲ್ಲ ಮರ್ಮ ಅಡಗಿದೆ. ಪ್ರತಿ ಗಂಡಾಂತರಕ್ಕೂ ಕೆಲವೇ ಸೆಕೆಂಡಿನ ಒಂದು ಕಿಟಕಿ ತೆರೆಯುತ್ತದೆ. ತೆರೆದ ಕೂಡಲೇ ಒತ್ತಿದರೆ 5, ತಡವಾದಂತೆ 4, 3, 2, 1. ಮುಚ್ಚಿದ ಮೇಲೆ ಸೊನ್ನೆ. ತೆರೆಯುವ ಮೊದಲು ಒತ್ತಿದರೂ ಸೊನ್ನೆಯೇ. ಚಾಲಕರ ಕಣ್ಣು ಚುರುಕಾದಷ್ಟೂ ಇಲ್ಲಿ ಕಷ್ಟ.

ಒಂದು ಕ್ಲಿಪ್ಪನ್ನು ಹತ್ತಿರದಿಂದ ನೋಡೋಣ. ಎರಡೂ ಬದಿ ಇಟ್ಟಿಗೆ ಮನೆಗಳ ಬೀದಿ, ಎಡಕ್ಕೆ ಸಾಲಾಗಿ ನಿಂತ ಕಾರುಗಳು. ಐದನೆಯದು ನೀಲಿ ಕಾರು, ಒಳಗೊಂದು ತಲೆ ಕಾಣುತ್ತಿದೆ. ಬೆಂಗಳೂರಿನ ಕಣ್ಣಿಗೆ ಇಷ್ಟು ಸಾಕು: ‘ಇವನು ನುಗ್ಗುತ್ತಾನೆ’ ಎಂದು ಟಕ್ಕನೆ ಒತ್ತಿ ಆಗಿರುತ್ತದೆ. ಪರೀಕ್ಷೆಯ ಪ್ರಕಾರ ನಿಂತ ಕಾರು ಇನ್ನೂ ನಿಂತ ಕಾರೇ. ಅದಕ್ಕಾಗಿ ನೀವು ಏನೂ ಮಾಡಬೇಕಿಲ್ಲ. ಎರಡು ಸೆಕೆಂಡ್ ಕಳೆದು ಅದರ ಬಲ ಇಂಡಿಕೇಟರ್ ಮಿಣುಕುತ್ತದೆ, ಮುಂದಿನ ಚಕ್ರ ರಸ್ತೆಯ ಕಡೆಗೆ ಹೊರಳುತ್ತದೆ. ಗಂಡಾಂತರ ಹುಟ್ಟುವ ಗಳಿಗೆ ಇದು. ಇದಕ್ಕೆ ಮೊದಲೇ ಒತ್ತಿ ಬಾವುಟ ಪಡೆದವರು ‘ನನ್ನದಾಯಿತು’ ಎಂದು ಕೈ ಕಟ್ಟಿ ಕೂತಿರುತ್ತಾರೆ. ನೀಲಿ ಕಾರು ರಸ್ತೆಗಿಳಿಯುತ್ತದೆ, ಅಂಕ ಸೊನ್ನೆ. ಮನೆಗೆ ಬಂದು ‘ಎಲ್ಲದಕ್ಕಿಂತ ಮೊದಲು ನಾನೇ ನೋಡಿದ್ದೆ’ ಎನ್ನುತ್ತಾರೆ. ಅದು ನಿಜವೂ ಹೌದು.

ಇದಕ್ಕೆ ಮದ್ದು ಸರಳ. ಅನುಮಾನ ಬಂದಾಗ ಒಂದು, ಖಾತ್ರಿಯಾದಾಗ ಒಂದು. ತೀರಾ ಪುಕ್ಕಲು ಸ್ವಭಾವವಾದರೆ ಆ ಬಳಿಕ ಇನ್ನೊಂದು. ಬೇಗ ಒತ್ತಿದ ಕ್ಲಿಕ್ಕಿಗೆ ದಂಡವಿಲ್ಲ, ಕಿಟಕಿಯೊಳಗೆ ಬಿದ್ದದ್ದಕ್ಕೆ ಅಂಕ. ಹಾಗಾದರೆ ಉದ್ದಕ್ಕೂ ಒತ್ತುತ್ತಲೇ ಇದ್ದರಾಯಿತಲ್ಲ ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ, ಪರೀಕ್ಷೆ ಮಾಡಿದವರಿಗೂ ಹೊಳೆದಿದೆ. ಬಿಡದೆ ಒತ್ತಿದರೆ, ಇಲ್ಲವೇ ತಾಳ ಹಾಕಿದಂತೆ ಒಂದೇ ಲಯದಲ್ಲಿ ಒತ್ತಿದರೆ ಕಂಪ್ಯೂಟರ್ ಹಿಡಿದುಹಾಕಿ ಆ ಕ್ಲಿಪ್ಪಿಗೆ ಪೂರ್ತಿ ಸೊನ್ನೆ ಕೊಡುತ್ತದೆ. ಇಲ್ಲಿ ಕೈಕೊಡುವುದು ನಮ್ಮ ಹೆಬ್ಬೆರಳು. ವರ್ಷಗಟ್ಟಲೆ ಹಾರ್ನ್ ಒತ್ತಿ ಪಳಗಿದ ಬೆರಳು ಅದು, ಸುಮ್ಮನೆ ಒಂದು ಸಲ ಒತ್ತಿ ಗೊತ್ತಿಲ್ಲ. ಅದರ ಸಂಸ್ಕಾರ ‘ಪೀಂ ಪೀಂ, ಪೀಂ ಪೀಂ’. ಮೌಸಿನ ಮೇಲೂ ಅದೇ ರಾಗ ಬರುತ್ತದೆ. ಆದ್ದರಿಂದ ತೋರುಬೆರಳಿನಿಂದ ಒತ್ತಿ, ಒತ್ತಿದ ಮೇಲೆ ಬೆರಳನ್ನು ಗುಂಡಿಯಿಂದ ಮೇಲೆತ್ತಿ.

ಇನ್ನೊಂದು ಜಾತಿಯವರಿದ್ದಾರೆ, ಅವರಿಗೆ ಯಾವುದೂ ಗಂಡಾಂತರವೇ ಅಲ್ಲ. ಸೈಕಲ್ಲಿನವನು ಭುಜದ ಮೇಲಿಂದ ಹಿಂದಿರುಗಿ ನೋಡಿದ, ‘ನೋಡಲಿ ಬಿಡಿ’. ಬಸ್ಸು ನಿಂತಿದೆ, ಅದರ ಮುಂದಿನಿಂದ ಒಂದು ಕಾಲು ಕಾಣಿಸಿತು. ‘ಬರಲಿ, ದಾಟಿ ಹೋಗುತ್ತಾರೆ’. ಜೀಬ್ರಾ ಪಟ್ಟೆಯ ಕಡೆ ಅಜ್ಜಿ ನಡೆದು ಬರುತ್ತಿದ್ದಾರೆ, ‘ಅಜ್ಜಿ ಕಾಯುತ್ತಾರೆ’. ಆ ದೇಶದಲ್ಲಿ ಅಜ್ಜಿ ಕಾಯುವುದಿಲ್ಲ, ಕಾಯಬೇಕಾದವರು ನೀವು. ಇಂಥವರಿಗೆ ಅತಿ ಕಷ್ಟದ್ದು ಹಳ್ಳಿ ರಸ್ತೆಯ ಕ್ಲಿಪ್ಪು. ತಿರುವಿನಾಚೆ ಕುದುರೆ ಸವಾರಿ ಬರುತ್ತಿರುತ್ತದೆ, ಗದ್ದೆಯ ಗೇಟಿನಿಂದ ಟ್ರ್ಯಾಕ್ಟರ್ ಮೂತಿ ಚಾಚುತ್ತದೆ. ಟ್ರ್ಯಾಕ್ಟರ್ ಕಂಡರೆ ಊರಿನ ನೆನಪಾಗಿ ಮನಸ್ಸು ಅರಳುತ್ತದೆಯೇ ಹೊರತು ಬೆರಳು ಅಲುಗುವುದಿಲ್ಲ.

ಅಭ್ಯಾಸ ಎಂದರೆ ಹೆಚ್ಚಿನವರು ಮೊಬೈಲಿನಲ್ಲಿ ತಟ್ಟುತ್ತಾರೆ. ತಟ್ಟುವ ಬೆರಳೇ ಅರ್ಧ ರಸ್ತೆ ಮುಚ್ಚಿಬಿಡುತ್ತದೆ, ಮೇಲಾಗಿ ಪರೀಕ್ಷಾ ಕೇಂದ್ರದಲ್ಲಿ ಸಿಗುವುದು ಮೌಸು. ಮನೆಯ ಲ್ಯಾಪ್‌ಟಾಪಿಗೆ ಮೌಸು ಸಿಕ್ಕಿಸಿ ಕೂರುವುದೇ ಮೇಲು. ಅದೇ ಕ್ಲಿಪ್ಪನ್ನು ಮೂರು ಸಲ ನೋಡಿದರೆ ನೀವು ಕಲಿತದ್ದು ಗಂಡಾಂತರವನ್ನಲ್ಲ, ಕ್ಲಿಪ್ಪನ್ನು; ಆಮೇಲೆ ಬರುವ ಐದೈದು ಅಂಕಗಳನ್ನು ನಂಬಬೇಡಿ. ಹೊಸ ಕ್ಲಿಪ್ಪು ಹಾಕಿಕೊಂಡು ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋಗಿ: ‘ಮುಂದೆ ಬ್ರೇಕ್ ಲೈಟು, ಎಡಕ್ಕೆ ಅಡ್ಡರಸ್ತೆ, ವ್ಯಾನಿನ ಕೆಳಗೆ ಕಾಲು’. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಅವರು ನಿಮಗಿಂತ ಅರ್ಧ ಸೆಕೆಂಡ್ ಮೊದಲೇ ‘ಒತ್ತಪ್ಪಾ!’ ಎಂದು ಕಿರುಚುತ್ತಾರೆ, ಪರೀಕ್ಷೆಯ ದಿನ ಅವರು ಬರುವುದಿಲ್ಲ. 2015ರಿಂದ ಕಂಪ್ಯೂಟರಿನಲ್ಲಿ ಕಟ್ಟಿದ ದೃಶ್ಯಗಳು ಬಂದಿರುವುದರಿಂದ ಮಕ್ಕಳಿಗಂತೂ ಇದು ಗೇಮೇ.

ಭಾಷೆಯ ಚಿಂತೆಯೂ ಉಂಟು. 2014ರ ಏಪ್ರಿಲ್ 7ರವರೆಗೆ ಥಿಯರಿ ಟೆಸ್ಟನ್ನು ತಮಿಳು, ಹಿಂದಿ, ಗುಜರಾತಿಯ ಧ್ವನಿಯಲ್ಲೂ ಕೇಳಬಹುದಿತ್ತು. ಕನ್ನಡ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಈಗ ಅವೆಲ್ಲ ಹೋಗಿ ಇಂಗ್ಲಿಷು, ವೆಲ್ಷ್ ಎರಡರ ಧ್ವನಿಯಷ್ಟೇ ಉಳಿದಿದೆ. ಪಕ್ಕದವರ ಜೊತೆ ನಾವೂ ಸಮಾನರಾದೆವು, ಒಂದು ಗೆಲುವೆನ್ನಿ. ಟ್ರ್ಯಾಕ್ಟರಿಗೆ ಹೇಗೂ ಭಾಷೆಯಿಲ್ಲ.

ಒಟ್ಟು 75ಕ್ಕೆ 44 ಬಂದರೆ ಪಾಸು. ನಾಲ್ಕು ಗಂಡಾಂತರ ಪೂರ್ತಿ ತಪ್ಪಿ, ಉಳಿದ ಹನ್ನೊಂದರಲ್ಲಿ ನಾಲ್ಕು ನಾಲ್ಕು ಗಳಿಸಿದರೂ ಲೆಕ್ಕ ಸರಿಹೋಗುತ್ತದೆ. ಆದ್ದರಿಂದ ಮೂರನೆಯ ಕ್ಲಿಪ್ಪು ಹಾಳಾಯಿತೆಂದು ನಾಲ್ಕನೆಯದರಲ್ಲಿ ಕೂತು ಅಳಬೇಡಿ. ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ, ಹತ್ತರಿಂದ ಕೆಳಗೆ ಎಣಿಸುತ್ತ ಮುಂದಿನದು ಬರುತ್ತಿರುತ್ತದೆ. ಇದರಲ್ಲಿ ಫೇಲಾದರೆ ಮೊದಲ ಭಾಗದ ಐವತ್ತಕ್ಕೆ ಐವತ್ತೂ ನೀರುಪಾಲು. ಎರಡನ್ನೂ ಮತ್ತೆ ಬರೆಯಬೇಕು, ನಡುವೆ ಕನಿಷ್ಠ ಮೂರು ಕೆಲಸದ ದಿನ ಕಾಯಬೇಕು, 23 ಪೌಂಡ್ ಮತ್ತೆ ಕಟ್ಟಬೇಕು.

ಪಾಸಾದವರ ತೊಂದರೆ ಬೇರೆ. ಪಾಸಾದದ್ದು ಎರಡು ವರ್ಷ ಚಾಲ್ತಿಯಲ್ಲಿರುತ್ತದೆ, ಬೆರಳಿನ ಚಟ ಅದಕ್ಕಿಂತ ಹೆಚ್ಚು. ರಜಕ್ಕೆಂದು ಊರಿಗೆ ಬಂದು, ದೇವನಹಳ್ಳಿಯಲ್ಲಿ ಟ್ಯಾಕ್ಸಿಯ ಮುಂದಿನ ಸೀಟು ಹತ್ತಿ, ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತವರನ್ನು ನೋಡಿ. ಎದುರಿನಿಂದ ರಾಂಗ್ ಸೈಡಿನ ಸ್ಕೂಟರು, ಒಂದು ಕ್ಲಿಕ್. ಡಿವೈಡರ್ ಹಾರುವವನೊಬ್ಬ, ಒಂದು. ಇಂಡಿಕೇಟರ್ ಎಡಕ್ಕೆ ಹಾಕಿ ಬಲಕ್ಕೆ ಹೊರಳಿದ ಆಟೊ, ಎರಡು. ಹೆಬ್ಬಾಳದ ಫ್ಲೈಓವರ್ ಕಾಣುವ ಹೊತ್ತಿಗೆ ಬೆರಳು ಬಿಡುವಿಲ್ಲದೆ ಒಂದೇ ಲಯದಲ್ಲಿ ಟಕಟಕ ಬಡಿಯುತ್ತಿರುತ್ತದೆ. ಆ ಕ್ಲಿಪ್ಪಿಗೆ ಸೊನ್ನೆ.